ಕಾರ್ಖಾನೆ ಗೇಟಿನೊಳಗಿನ ಪಿಎಚ್‌.ಡಿ

2010ರ ಸುಮಾರಿಗೆ ಶಾಂಘೈನ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಗೆ ಎರಡು ತಲೆನೋವುಗಳಿದ್ದವು. ಒಂದು, ಏರುತ್ತಲೇ ಇದ್ದ ಕಚೇರಿ ಬಾಡಿಗೆ. ಇನ್ನೊಂದು, ಕಾಲ್ ಸೆಂಟರಿನಲ್ಲಿ ಕೂತು ವಿಮಾನ, ಹೋಟೆಲ್ ಬುಕ್ ಮಾಡಿಕೊಡುವ ಹುಡುಗ ಹುಡುಗಿಯರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕೆಲಸ ಬಿಡುತ್ತಿದ್ದುದು. ಅವರಿಗೆ ಮನೆಯಿಂದಲೇ ಕೆಲಸ ಮಾಡಲು ಬಿಟ್ಟರೆ ಹೇಗೆ ಎಂಬ ಮಾತು ಬಂತು. ಇಂಥ ಮಾತು ಸಾಮಾನ್ಯವಾಗಿ ಮೀಟಿಂಗಿನಲ್ಲಿ ಹುಟ್ಟಿ, ಅಲ್ಲಿ ದೊಡ್ಡ ದನಿಯಲ್ಲಿ ಮಾತಾಡಿದವರ ಇಷ್ಟದಂತೆ ತೀರ್ಮಾನವಾಗುತ್ತದೆ. ಸಿಟ್ರಿಪ್‌ನಲ್ಲಿ ಹಾಗಾಗಲಿಲ್ಲ. ಕಂಪನಿಯ ಸಹಸ್ಥಾಪಕ, ಅಧ್ಯಕ್ಷ ಜೇಮ್ಸ್ ಲಿಯಾಂಗ್ ಅದೇ ಕಾಲಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್‌.ಡಿ ವಿದ್ಯಾರ್ಥಿಯೂ ಆಗಿದ್ದರು.

ಅಲ್ಲಿನ ಪ್ರಾಧ್ಯಾಪಕ ನಿಕೊಲಸ್ ಬ್ಲೂಮ್ ಮತ್ತು ಇನ್ನಿಬ್ಬರ ಜೊತೆ ಸೇರಿ ಲಿಯಾಂಗ್ ತಮ್ಮದೇ ಕಂಪನಿಯಲ್ಲಿ ಪ್ರಯೋಗಕ್ಕೆ ಇಳಿದರು. ಮನೆಯಿಂದ ಕೆಲಸ ಮಾಡಲು ಮುಂದೆ ಬಂದವರಲ್ಲಿ ಅರ್ಹರಾದವರು 249 ಮಂದಿ. ಯಾರು ಮನೆಗೆ, ಯಾರು ಕಚೇರಿಗೆ ಎಂಬುದನ್ನು ಮ್ಯಾನೇಜರುಗಳ ಶಿಫಾರಸಿಗೆ ಬಿಡಲಿಲ್ಲ. ಲಿಯಾಂಗ್ ಎಲ್ಲರೆದುರು ಡಬ್ಬಕ್ಕೆ ಕೈಹಾಕಿ ಪಿಂಗ್‌ಪಾಂಗ್ ಚೆಂಡೊಂದನ್ನು ಎತ್ತಿದರು. ಅದರ ಪ್ರಕಾರ, ಹುಟ್ಟಿದ ತಾರೀಖು ಸಮಸಂಖ್ಯೆಯಾಗಿದ್ದವರಿಗೆ ವಾರದಲ್ಲಿ ನಾಲ್ಕು ದಿನ ಮನೆ, ಒಂದು ದಿನ ಕಚೇರಿ. ಬೆಸಸಂಖ್ಯೆಯವರಿಗೆ ಐದೂ ದಿನ ಕಚೇರಿಯೇ. ಒಂಬತ್ತು ತಿಂಗಳ ನಂತರ ಲೆಕ್ಕ ಹಾಕಿದಾಗ ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತ್ತು. ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಆದರೆ ಅದೇ ಲೆಕ್ಕದಲ್ಲಿ ಇನ್ನೂ ಎರಡು ಸಂಗತಿ ಕಂಡವು. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಗಿತ್ತು. ಒಂಟಿತನ ತಾಳಲಾರದೆ ಹಲವರು ಕಚೇರಿಗೆ ಮರಳಲು ಬಯಸಿದರು.

2015ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಕೋವಿಡ್ ಬಂದಾಗ ಜಗತ್ತಿನ ಎಷ್ಟೋ ಕಂಪನಿಗಳು ಹುಡುಕಿ ಓದಿದವು. ನೌಕರಿಯ ನಡುವೆ ಸಂಶೋಧನೆಗೆ ಇಳಿದವರು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪ್ರಶ್ನೆ ಕಂಪನಿಯದೇ, ಅಂಕಿಅಂಶ ಕಂಪನಿಯದೇ, ಉತ್ತರವೂ ಕಂಪನಿಗೇ ಬೇಕಾದದ್ದು. ಆದರೆ ಉತ್ತರ ಹುಡುಕುವ ಶಿಸ್ತು ವಿಶ್ವವಿದ್ಯಾಲಯದ್ದು. ಕಂಪನಿಗೆ ರುಚಿಸದ ಸಂಗತಿಗಳೂ ಆ ಶಿಸ್ತಿನಿಂದಾಗಿಯೇ ಬರಹದೊಳಗೆ ಉಳಿದುಕೊಂಡವು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗಗಳಲ್ಲಿ ನಲವತ್ತರ ಆಸುಪಾಸಿನವರು ಈಗ ಡಾಕ್ಟರೇಟ್ ಬಗ್ಗೆ ಮಾತಾಡಿಕೊಳ್ಳುವುದು ಸಾಮಾನ್ಯ. ಎಂಎಸ್‌ಡಬ್ಲ್ಯು ಇಲ್ಲವೇ ಎಂಬಿಎ ಮುಗಿಸಿ, ನೇಮಕಾತಿ, ಸಂಬಳ, ಶಿಸ್ತುಕ್ರಮ, ಯೂನಿಯನ್ ಮಾತುಕತೆ ಎಲ್ಲವನ್ನೂ ಕಂಡವರು ಇವರು. ನಿವೃತ್ತಿಯ ನಂತರ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಕೆಲವರಿಗೆ. ಸ್ವಂತ ಕನ್ಸಲ್ಟೆನ್ಸಿ ತೆರೆಯುವ ಯೋಚನೆ ಇನ್ನು ಕೆಲವರಿಗೆ. ಹೆಸರಿನ ಹಿಂದೆ ‘ಡಾ.’ ಇರಲಿ ಎಂಬ ಬಯಕೆಯೂ ತಪ್ಪೇನಲ್ಲ. ಆದರೆ ಐದಾರು ವರ್ಷದ ಭಾನುವಾರಗಳನ್ನು ಕೊಡುವಂಥ ಕೆಲಸಕ್ಕೆ ಅದೊಂದೇ ಕಾರಣವಾದರೆ ಕಾರ್ಮಿಕರಿಗೂ ಲಾಭವಿಲ್ಲ, ಕಂಪನಿಗೂ ಇಲ್ಲ.

ವೃತ್ತಿಯಲ್ಲಿರುವವರಿಗಾಗಿಯೇ ಡಾಕ್ಟರೇಟ್ ಎಂಬ ಕಲ್ಪನೆ ಹೊಸದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ 1920ರ ದಶಕದಲ್ಲೇ ಶಿಕ್ಷಣ ಕ್ಷೇತ್ರಕ್ಕೂ ವ್ಯವಹಾರ ಆಡಳಿತಕ್ಕೂ ಪ್ರತ್ಯೇಕ ಡಾಕ್ಟರೇಟ್ ಪದವಿಗಳನ್ನು ತೆರೆಯಿತು. ಕೊಯಮತ್ತೂರಿನಲ್ಲಿ ಹುಟ್ಟಿ ಮ್ಯಾನೇಜ್‌ಮೆಂಟ್ ಚಿಂತಕರಾಗಿ ಹೆಸರಾದ ಸಿ.ಕೆ. ಪ್ರಹ್ಲಾದ್ 1975ರಲ್ಲಿ ಪಡೆದದ್ದು ಹಾರ್ವರ್ಡಿನ ಡಿಬಿಎ, ಅಂದರೆ ವ್ಯವಹಾರ ಆಡಳಿತದ ಡಾಕ್ಟರೇಟ್. ಮುಂದೆ ಆ ಪದವಿಯ ದಾರಿ ಎರಡು ಕವಲಾಯಿತು. ಹಾರ್ವರ್ಡಿನ ಡಿಬಿಎ ಪೂರ್ಣಾವಧಿಯ ಶೈಕ್ಷಣಿಕ ಸಂಶೋಧನೆಯೇ ಆಗಿ, 2018ರಲ್ಲಿ ಹೆಸರಿನಲ್ಲೂ ಪಿಎಚ್‌.ಡಿಯಾಯಿತು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 1990ರ ದಶಕದಿಂದ ಬೆಳೆದ ಡಿಬಿಎ ಮಾತ್ರ ನೌಕರಿಯಲ್ಲಿರುವ ಅನುಭವಿಗಳಿಗೆ ಮೀಸಲಾಯಿತು. ಮೊದಲ ಒಂದೆರಡು ವರ್ಷ ಸಂಶೋಧನಾ ವಿಧಾನದ ತರಗತಿ, ಆಮೇಲೆ ತಮ್ಮ ಕೆಲಸದ ಜಾಗದಿಂದಲೇ ಎತ್ತಿಕೊಂಡ ಸಮಸ್ಯೆಯ ಮೇಲೆ ಪ್ರಬಂಧ.

ಭಾರತದಲ್ಲಿ ಇಂಥವರಿಗೆ ತೆರೆದಿರುವ ಹೆಬ್ಬಾಗಿಲು ಪಾರ್ಟ್‌ಟೈಮ್ ಪಿಎಚ್‌.ಡಿ. 2022ರ ನವೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿ ಇದಕ್ಕೆ ಸ್ಪಷ್ಟ ಒಪ್ಪಿಗೆ ಕೊಟ್ಟಿದೆ. ಉದ್ಯೋಗದಾತರಿಂದ ಎನ್‌ಒಸಿ ಬೇಕು, ಮತ್ತು ಆ ಕಾಗದ ಬರೀ ಮೊಹರಿನದಲ್ಲ. ಅಭ್ಯರ್ಥಿಗೆ ಓದಲು ಅನುಮತಿಯಿದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಂಥ ಕೆಲಸ ಅವರದು, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗಾಗಿ ಅವರನ್ನು ಬಿಡುಗಡೆ ಮಾಡಲಾಗುವುದು ಎಂದು ಕಂಪನಿ ಬರೆದುಕೊಡಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಾದರೆ ಇನ್ನೆರಡು ವರ್ಷ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಎರಡು ವರ್ಷದ ರಿಯಾಯಿತಿ. ಜೊತೆಗೆ ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳ ರಜೆ. ಒಬ್ಬ ಪ್ರೊಫೆಸರ್ ಒಮ್ಮೆಗೆ ಎಂಟು ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. ನಮ್ಮಲ್ಲಿ ಸೀಟಿಗಿಂತ ಮೊದಲು ಗೈಡ್ ಹುಡುಕುವ ಪರದಾಟ ಶುರುವಾಗುವುದು ಈ ಮಿತಿಯಿಂದಲೇ.

ಕರ್ನಾಟಕದಲ್ಲಿ ಬೆಳಗಾವಿಯ ವಿಟಿಯು ತನ್ನ ವ್ಯಾಪ್ತಿಯ ಕಾಲೇಜುಗಳ ಸಂಶೋಧನಾ ಕೇಂದ್ರಗಳ ಮೂಲಕ ಪಾರ್ಟ್‌ಟೈಮ್ ಅಭ್ಯರ್ಥಿಗಳನ್ನು ಸೇರಿಸಿಕೊಳ್ಳುತ್ತ ಬಂದಿದೆ. ಮೈಸೂರು, ಬೆಂಗಳೂರು, ಧಾರವಾಡದ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಮ್ಯಾನೇಜ್‌ಮೆಂಟ್ ವಿಭಾಗಗಳಿವೆ. ಎಚ್‌ಆರ್ ಶಿಕ್ಷಣಕ್ಕೆ ದೇಶದಲ್ಲೇ ದೊಡ್ಡ ಹೆಸರಾದ ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನೌಕರಿಯಲ್ಲಿರುವವರಿಗಾಗಿ ಫೆಲೋ ಕಾರ್ಯಕ್ರಮ ನಡೆಸುತ್ತದೆ. 2018ರ ಜನವರಿ ಕೊನೆಗೆ ಜಾರಿಗೆ ಬಂದ ಕಾಯ್ದೆ ಐಐಎಂಗಳಿಗೆ ಪದವಿ ಕೊಡುವ ಅಧಿಕಾರ ನೀಡಿತು. ಆಮೇಲೆ ಅಹಮದಾಬಾದ್, ಕೋಯಿಕ್ಕೋಡ್‌ನಂಥ ಐಐಎಂಗಳು ಅನುಭವಿ ಮ್ಯಾನೇಜರುಗಳಿಗೆಂದೇ ಪ್ರತ್ಯೇಕ ಪಿಎಚ್‌.ಡಿ ದಾರಿಗಳನ್ನು ತೆರೆದವು. ಶುಲ್ಕದಲ್ಲಿ ರಾಜ್ಯ ವಿಶ್ವವಿದ್ಯಾಲಯಕ್ಕೂ ಇವುಗಳಿಗೂ ಅಜಗಜಾಂತರ.

ಹೆಬ್ಬಾಗಿಲಿನ ಪಕ್ಕದಲ್ಲೇ ಕಳ್ಳಗಿಂಡಿಗಳೂ ಇವೆ. ಮೊಬೈಲ್ ತೆರೆದರೆ ಸಾಕು, ಕೂತಲ್ಲೇ ವಿದೇಶಿ ಡಾಕ್ಟರೇಟ್ ಎಂಬ ಜಾಹೀರಾತು. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆಗೂಡಿ ಕೊಡುವ ಆನ್‌ಲೈನ್ ಪಿಎಚ್‌.ಡಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಜಂಟಿಯಾಗಿ ಎಚ್ಚರಿಸಿವೆ. ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಪಿಎಚ್‌.ಡಿ ಕೊಡುವಂತಿಲ್ಲ ಎಂಬುದು ನಿಯಮಾವಳಿಯಲ್ಲೇ ಇದೆ. ಮಾನ್ಯತೆ ಇದ್ದ ಮಾತ್ರಕ್ಕೆ ನೆಮ್ಮದಿ ಎಂದೂ ಅಲ್ಲ: ಪಿಎಚ್‌.ಡಿ ನಿಯಮಗಳನ್ನು ಪಾಲಿಸಲಿಲ್ಲವೆಂದು ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಸಂಶೋಧನಾ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದಂತೆ ಯುಜಿಸಿ 2025ರ ಜನವರಿಯಲ್ಲಿ ತಡೆಯಿತು. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇರುವವರು ಇದನ್ನೆಲ್ಲ ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.

ಇನ್ನು ವಿಷಯದ ಆಯ್ಕೆ. ಅದಕ್ಕೆ ಮೊದಲು ಈ ವೃತ್ತಿಯ ಬೇರು ಎಲ್ಲಿದೆ ಎಂದು ನೋಡಬೇಕು. ಎಚ್‌ಆರ್ ಎಂಬುದು ನಮ್ಮ ಊರುಗಳಿಗೆ ಐಟಿಯ ಜೊತೆ ಬಂದದ್ದೆಂದು ಎಳೆಯರು ಭಾವಿಸಿರಬಹುದು. ಬೆಂಗಳೂರಿನಲ್ಲಿ ಅದರ ಬೇರು ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಕಾಲದ್ದು. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕು ಎಂದಿತ್ತು. ಸಮಾಜಕಾರ್ಯ ಓದಿದ ಎಷ್ಟೋ ಕನ್ನಡಿಗರು ಆ ಬಾಗಿಲಿನಿಂದಲೇ ಕಾರ್ಖಾನೆಯೊಳಗೆ ಬಂದರು. 1980ರ ಡಿಸೆಂಬರ್‌ನಿಂದ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಆ ಪೀಳಿಗೆಯ ಅಧಿಕಾರಿಗಳು ಕಾರ್ಮಿಕ ಕಾನೂನನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವರು.

ಆ ತಿಳಿವಳಿಕೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರ ಕಂಡಿತು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳ, ಓಟಿ ಸರಿಯಾಗಿ ಬಂದಿಲ್ಲವೆಂದು ಸಿಟ್ಟಿಗೆದ್ದ ಕಾರ್ಮಿಕರು ಗಾಜು, ಯಂತ್ರ, ವಾಹನಗಳನ್ನು ಒಡೆದು ಹಾಕಿದರು. ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿತು. ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಕಾರ್ಮಿಕ ಕಾನೂನು ಬಲ್ಲವರನ್ನು ಒಳಗೊಂಡ ಎಚ್‌ಆರ್ ವಿಭಾಗ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಹಾಜರಾತಿ ವ್ಯವಸ್ಥೆಯಲ್ಲೂ ದೋಷವಿತ್ತು. ಆ್ಯಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಅಷ್ಟು ವೇಗವಾಗಿ ಜನ ತುಂಬಿಕೊಳ್ಳುವ ಘಟಕದಲ್ಲಿ ದೂರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಗುತ್ತಿಗೆದಾರನ ಕಡೆಯ ಕಾರ್ಮಿಕ ಯಾರ ಬಳಿ ಹೋಗಿ ಕೇಳಬೇಕು, ಪಂಚಿಂಗ್ ಯಂತ್ರ ತಪ್ಪು ತೋರಿಸಿದರೆ ಸಂಬಳ ಎಷ್ಟು ದಿನದಲ್ಲಿ ಸರಿಹೋಗುತ್ತದೆ? ಒಂದೊಂದೂ ಒಂದೊಂದು ಡಾಕ್ಟರೇಟ್ ಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ.

ಆದರೆ ಗ್ರಂಥಾಲಯದ ಕಪಾಟಿನಲ್ಲಿ, ಈಗ ಶೋಧಗಂಗಾ ಜಾಲತಾಣದಲ್ಲಿ, ಎಚ್‌ಆರ್ ಪ್ರಬಂಧಗಳ ಶೀರ್ಷಿಕೆ ಓದುತ್ತ ಹೋದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಉದ್ಯೋಗ ತೃಪ್ತಿ, ಉದ್ಯೋಗಿ ಬದ್ಧತೆ, ವರ್ಕ್‌ಲೈಫ್ ಬ್ಯಾಲೆನ್ಸ್. ಮುಂದೆ ಒಂದು ಊರಿನ ಅಥವಾ ಉದ್ಯಮದ ಹೆಸರು. ಪ್ರಶ್ನಾವಳಿ ತುಂಬಿದವರ ಸಂಖ್ಯೆ ಮತ್ತೆ ಮತ್ತೆ 384. ಅದು ಕಾಕತಾಳೀಯವಲ್ಲ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಅಮೆರಿಕದ ಇಬ್ಬರು ಪ್ರಕಟಿಸಿದ ಪಟ್ಟಿಯ ಪ್ರಕಾರ, ಹತ್ತು ಲಕ್ಷ ಜನರ ಬಗ್ಗೆ ಅಂದಾಜು ಮಾಡಲು ಬೇಕಾದ ಸ್ಯಾಂಪಲ್ 384. ಆದರೆ ಆ ಲೆಕ್ಕ ನಿಲ್ಲುವುದು ಹತ್ತು ಲಕ್ಷದಲ್ಲಿ ಯಾರು ಬೇಕಾದರೂ ಸಮಾನ ಅವಕಾಶದಿಂದ ಆರಿಸಿ ಬರುವಂತಿದ್ದರೆ ಮಾತ್ರ. ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸಿ ಬಂದ 384 ಉತ್ತರಗಳಿಗೆ ಆ ಬಲವಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಒಂದು ಗಾರ್ಮೆಂಟ್ಸ್ ಘಟಕದ ಹೊಲಿಗೆ ಲೈನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಚ್‌ಆರ್‌ನವರು ನಾಲ್ಕು ಪುಟದ ಪ್ರಶ್ನಾವಳಿ ಹಂಚುತ್ತಾರೆ. ಮೇಲ್ಗಡೆ ಹೆಸರು ಐಚ್ಛಿಕ ಎಂದಿದೆ, ಅದರ ಕೆಳಗೇ ವಿಭಾಗ, ವಯಸ್ಸು, ಸೇವೆಯ ವರ್ಷ ಕೇಳಿದೆ. ನಲವತ್ತು ಜನರ ಲೈನಿನಲ್ಲಿ ಇಷ್ಟು ತಿಳಿದರೆ ಹೆಸರು ತಿಳಿದಂತೆಯೇ. ಹನ್ನೊಂದನೇ ಪ್ರಶ್ನೆ: ನಿಮ್ಮ ಸೂಪರ್‌ವೈಸರ್ ನಿಮ್ಮನ್ನು ಗೌರವದಿಂದ ನಡೆಸಿಕೊಳ್ಳುತ್ತಾರೆಯೇ? ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಸೂಪರ್‌ವೈಸರ್ ಎರಡು ಮೇಜಿನಾಚೆ ನಿಂತಿದ್ದಾನೆ. ಟೈಲರ್ ಹೆಣ್ಣುಮಗಳು ಪಕ್ಕದವಳ ಹಾಳೆ ನೋಡಿ ನಾಲ್ಕಕ್ಕೆ ಟಿಕ್ ಹಾಕುತ್ತಾಳೆ. ಮುಂದಿನ ಹನ್ನೆರಡು ಪ್ರಶ್ನೆಗೂ ನಾಲ್ಕೇ. ಕಾಗದ ಅಂಕಿಅಂಶ ವಿಶ್ಲೇಷಣೆಯ ತಂತ್ರಾಂಶ ಎಸ್‌ಪಿಎಸ್‌ಎಸ್‌ಗೆ ಹೋಗುತ್ತದೆ, ಕ್ರೋನ್‌ಬ್ಯಾಕ್ ಆಲ್ಫಾ ಎಂಬ ವಿಶ್ವಾಸಾರ್ಹತೆಯ ಅಳತೆ 0.7 ದಾಟುತ್ತದೆ, ಕಾರ್ಮಿಕರು ತೃಪ್ತರಾಗಿದ್ದಾರೆ ಎಂದು ಪ್ರಬಂಧ ಹೇಳುತ್ತದೆ. ಅಂಕಿಗಳಲ್ಲಿ ತಪ್ಪಿಲ್ಲ, ಆದರೆ ಆ ಹೆಣ್ಣುಮಗಳು ಏನನ್ನೂ ಹೇಳಿಲ್ಲ.

ಇಂಥ ಹೆಣ್ಣುಮಕ್ಕಳೇ 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯಲು ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ, ಯಾವ ದೊಡ್ಡ ನಾಯಕರಿಗೂ ಕಾಯದೆ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅವರೊಳಗೆ ಅಷ್ಟು ಸಿಟ್ಟು, ಅಷ್ಟು ಭಯ ಇದ್ದದ್ದನ್ನು ಯಾವ ತೃಪ್ತಿ ಸಮೀಕ್ಷೆಯೂ ಹಿಡಿದುಕೊಟ್ಟಿರಲಿಲ್ಲ.

ಇದೇ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸಂಶೋಧನೆ ಎಷ್ಟು ಚೆನ್ನಾಗಿ ನಡೆಯಬಹುದು ಎಂಬುದಕ್ಕೂ ಸಾಕ್ಷಿಯಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಂ ಎಂಬ ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಘಟಕಗಳಲ್ಲಿ ಮಹಿಳಾ ಕಾರ್ಮಿಕರಿಗೆ ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಮುಂತಾದ ಕೌಶಲಗಳ ತರಬೇತಿಯ ಪರಿಣಾಮ ಅಳೆದರು. ತರಬೇತಿಗೆ ಆಸೆಪಟ್ಟವರಲ್ಲಿ ಯಾರಿಗೆ ಅವಕಾಶ ಎಂಬುದು ಇಲ್ಲಿಯೂ ಲಾಟರಿಯಿಂದಲೇ. ತರಬೇತಿ ಪಡೆದವರ ಉತ್ಪಾದಕತೆ ಶೇ 13.5ರಷ್ಟು ಏರಿತು. ಸಂಬಳ ಏರಿದ್ದು ಶೇ 0.5 ಮಾತ್ರ. ಕಂಪನಿ ಹಾಕಿದ ದುಡ್ಡಿಗೆ ತರಬೇತಿ ಮುಗಿದ ಎಂಟು ತಿಂಗಳಲ್ಲಿ ಎರಡೂವರೆ ಪಟ್ಟು ಲಾಭ ಬಂತು. ಮೊದಲ ಅಂಕಿಯನ್ನು ಎಲ್ಲ ಎಚ್‌ಆರ್ ಸಮಾವೇಶಗಳಲ್ಲೂ ಸಂತೋಷದಿಂದ ತೋರಿಸಬಹುದು. ಎರಡನೆಯದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದದ್ದು ಈ ಅಧ್ಯಯನದ ಘನತೆ. ಅಧ್ವರ್ಯು ಮತ್ತು ನ್ಯಾಷಧಂ ಇದ್ದ ತಂಡದ ಇನ್ನೊಂದು ಅಧ್ಯಯನ ಹೇಳುವುದು ಇದು: ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾದ ಹೊತ್ತಿನಲ್ಲಿ, ಹೆಸರು ಹೇಳದೆ ಅಭಿಪ್ರಾಯ ತಿಳಿಸಲು ಅವಕಾಶ ಸಿಕ್ಕ ಕಾರ್ಮಿಕರಲ್ಲಿ ಕೆಲಸ ಬಿಡುವ ಪ್ರಮಾಣ ಸುಮಾರು ಐದನೇ ಒಂದರಷ್ಟು ಇಳಿಯಿತು. ಕೇಳಿದ್ದಷ್ಟೇ, ಸಂಬಳ ಹೆಚ್ಚಿಸಲಿಲ್ಲ. ಆದರೆ ಕೇಳಿದ ರೀತಿ ನಂಬಿಕೆ ಹುಟ್ಟಿಸುವಂತಿತ್ತು.

ಹೊರಗಿನಿಂದ ಬಂದ ಸಂಶೋಧಕರಿಗೆ ಗೇಟಿನೊಳಗೆ ಹೋಗಲು ವರ್ಷಗಟ್ಟಲೆ ಪರಿಚಯ ಬೇಕು. ಎಚ್‌ಆರ್‌ನವರು ಗೇಟಿನೊಳಗೇ ಇದ್ದಾರೆ. ಹಾಜರಿ, ಓಟಿ, ರಜೆ, ದೂರು, ಎಕ್ಸಿಟ್ ಇಂಟರ್‌ವ್ಯೂ ಎಲ್ಲ ಅವರ ಕಂಪ್ಯೂಟರಿನಲ್ಲಿದೆ. ಅದೇ ಅವರ ಬಲ, ಅದೇ ಅವರ ತೊಡಕು. ಸಂಬಳ ತಡೆಯುವ, ನೋಟಿಸ್ ಕೊಡುವ ಕೈಯೇ ಪ್ರಶ್ನಾವಳಿ ಹಿಡಿದು ಬಂದರೆ ಬೇಡ ಎನ್ನುವ ಧೈರ್ಯ ಯಾರಿಗೆ? ಹಾಗಾಗಿ ಒಳ್ಳೆಯ ಗೈಡ್ ಮೊದಲೇ ಕೆಲವು ಕಟ್ಟುಪಾಡು ಹಾಕುತ್ತಾರೆ. ಸಂದರ್ಶನವನ್ನು ಕಂಪನಿಗೆ ಸಂಬಂಧವಿಲ್ಲದವರು, ಕಾರ್ಖಾನೆಯ ಹೊರಗೆ, ಕಾರ್ಮಿಕರ ಮಾತಿನಲ್ಲೇ ಮಾಡಬೇಕು. ರಾಯಚೂರಿನಿಂದ ಬಂದವರಿಗೂ ಒಡಿಶಾದಿಂದ ಬಂದವರಿಗೂ ಒಂದೇ ಇಂಗ್ಲಿಷ್ ಹಾಳೆ ಕೊಟ್ಟರೆ ಆಗದು. ಕಚ್ಚಾ ಉತ್ತರ ಎಚ್‌ಆರ್ ಕಚೇರಿಯ ಕಪಾಟಿಗೆ ಬರಬಾರದು. ಯೂನಿಯನ್ ಇದ್ದರೆ ಅವರಿಗೂ ಉದ್ದೇಶ ಹೇಳಿರಬೇಕು. ಸಾಧ್ಯವಿದ್ದಲ್ಲಿ ತಮ್ಮ ಅಧೀನದಲ್ಲಿಲ್ಲದ ಇನ್ನೊಂದು ಘಟಕವನ್ನು ಆರಿಸಿಕೊಳ್ಳುವುದೇ ಮೇಲು.

ಕಂಪನಿಯ ಜೊತೆಗೂ ಮೊದಲೇ ಮಾತಾಗಬೇಕು. ಫಲಿತಾಂಶ ಕಹಿಯಾದರೆ? ಪ್ರಬಂಧ ಶೋಧಗಂಗೆಗೆ ಹೋಗುತ್ತದೆ, ಯಾರು ಬೇಕಾದರೂ ಓದುತ್ತಾರೆ. ಹೊರಗಿನ ಇಬ್ಬರು ಪರೀಕ್ಷಕರು ನೋಡುತ್ತಾರೆ, ವೈವಾ ಸಾರ್ವಜನಿಕವಾಗಿಯೇ ನಡೆಯುತ್ತದೆ. ಕಂಪನಿಯ ಹೆಸರು ಮರೆಮಾಚುವುದು ಸರಿ, ಫಲಿತಾಂಶ ಮರೆಮಾಚುವಂತಿಲ್ಲ. ಎನ್‌ಒಸಿಗೆ ಸಹಿ ಹಾಕಿಸಿಕೊಳ್ಳುವ ದಿನವೇ ಇದನ್ನೂ ಬರಹದಲ್ಲಿ ಪಡೆದುಕೊಂಡವರಿಗೆ ಮುಂದೆ ನೆಮ್ಮದಿ. ಐದು ವರ್ಷದಲ್ಲಿ ಕಂಪನಿ ಕೈ ಬದಲಾಗಬಹುದು. ಸಹಿ ಮಾಡಿದವರು ಬೇರೆ ಕೆಲಸಕ್ಕೆ ಹೋಗಿರಬಹುದು. ಸಂಶೋಧಕರೇ ನೌಕರಿ ಬದಲಾಯಿಸಿದರೆ ಅಂಕಿಅಂಶಕ್ಕೆ ಗೇಟು ಮುಚ್ಚಿಬಿಡುತ್ತದೆ. ಎಷ್ಟೋ ಪಾರ್ಟ್‌ಟೈಮ್ ಪ್ರಬಂಧಗಳು ಸಿನಾಪ್ಸಿಸ್ ಮತ್ತು ಡಾಟಾ ಕಲೆಕ್ಷನ್ ನಡುವೆ ನಿಂತುಹೋಗುವುದಕ್ಕೆ ಬುದ್ಧಿಯ ಕೊರತೆಯೇ ಕಾರಣವಾಗಬೇಕಿಲ್ಲ, ಇಂಥ ಕಾರಣಗಳೂ ಸಾಕು.

ಪ್ರಶ್ನೆಗಳಿಗೆ ಬರವಿಲ್ಲ. 2025ರಲ್ಲಿ ಕರ್ನಾಟಕ ಪ್ಲಾಟ್‌ಫಾರ್ಮ್ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಡೆಲಿವರಿ ಹುಡುಗರನ್ನು ಕಾರಣ ಹೇಳದೆ ಆ್ಯಪ್‌ನಿಂದ ಹೊರಹಾಕುವುದಕ್ಕೆ ಅದು ಕಡಿವಾಣ ಹಾಕುತ್ತದೆ. ಎಚ್‌ಆರ್ ವಿಭಾಗವನ್ನೇ ಕಾಣದ ಈ ದುಡಿಮೆಗಾರರ ದೂರನ್ನು ಕಂಪನಿಯೊಳಗೆ ಯಾರು ಕೇಳುತ್ತಾರೆ ಎಂಬುದು ಈಗ ನೋಡಬೇಕಾದ ಸಂಗತಿ. ಅದೇ ವರ್ಷ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ವೇತನ ಸಹಿತ ಋತುಚಕ್ರ ರಜೆ ಕೊಡಲು ನಿರ್ಧರಿಸಿತು. ಈ ರಜೆಯನ್ನು ಐಟಿ ಕಂಪನಿಯ ಇಂಜಿನಿಯರ್ ಕೇಳುವಷ್ಟು ಸಲೀಸಾಗಿ ಪೀಣ್ಯದ ಹೊಲಿಗೆ ಲೈನಿನ ಹೆಣ್ಣುಮಗಳು ಕೇಳಬಲ್ಲಳೇ, ಕೇಳಿದವಳ ಟಾರ್ಗೆಟ್ ಮರುದಿನ ಏರುತ್ತದೆಯೇ, ಹೊಸದಾಗಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆಯೇ? ಪರ, ವಿರೋಧ ಎರಡೂ ಕಡೆ ಮಾತು ಜೋರಾಗಿದೆ. ಉತ್ತರ ಬೇಕಿದ್ದರೆ ರಜೆ ಬರುವುದಕ್ಕೆ ಹಿಂದಿನ ಎರಡು ವರ್ಷದ ಹಾಜರಿ, ನೇಮಕಾತಿ, ರಾಜೀನಾಮೆಯ ಲೆಕ್ಕ ತಿಂಗಳುವಾರು ಬೇಕು. ಆಮೇಲಿನ ಎರಡು ವರ್ಷದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಪೇರೋಲ್ ಸಾಫ್ಟ್‌ವೇರ್ ಬದಲಾದಾಗ ಹಳೆಯ ಕಡತಗಳು ಮೊದಲು ಮಾಯವಾಗುತ್ತವೆ. ಈ ವಿಷಯದ ಮೇಲೆ ಡಾಕ್ಟರೇಟ್ ಮಾಡಬೇಕೆಂದಿರುವ ಎಚ್‌ಆರ್ ಮ್ಯಾನೇಜರ್ ಇದ್ದರೆ, ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವುದಕ್ಕೂ ಮೊದಲು ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದುಹಾಕಿ, ಆ ಕಡತಗಳನ್ನು ಭದ್ರಪಡಿಸಿಕೊಳ್ಳಬೇಕು.